ಸಿಇ ಗುರುತು ಸಾಲೋದಿಲ್ರೀ

ಡಬ್ಬಿ ಮೇಲೆ ಸಿಇ ಗುರುತಿದ್ದರೆ ವಾಕಿಟಾಕಿ ಧೈರ್ಯವಾಗಿ ಕೊಳ್ಳಬಹುದು ಅಂತ ಲೇಖನದಾಗ ಬರದೀರಿ. ಇದು ಒಪ್ಪೋ ಮಾತಲ್ಲ ಸರ್. ಸಿಇ ಯುರೋಪಿನದು, ಸಾಮಾನು ಅಲ್ಲಿನ ನಿಯಮಕ್ಕ ಒಪ್ಪತದ ಅನ್ನೋ ಗುರುತು. ಬಹಳಷ್ಟು ರೇಡಿಯೊ ಸಾಮಾನಿಗೆ ತಯಾರಕರು ತಾವೇ ಬರೆದುಕೊಳ್ಳೋ ಘೋಷಣೆ. ಹೆತ್ತವರಿಗೆ ಹೆಗ್ಗಣ ಮುದ್ದು! ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಲ್ಲಾದರೆ ಇಂಥ ಸಾಮಾನಿನ ಪರೀಕ್ಷಾ ವರದಿಯನ್ನ ಮೂರನೆಯ ಸಂಸ್ಥೆಯೊಂದು ನೋಡಿ ಪ್ರಮಾಣಪತ್ರ ಕೊಡತದ. ನಮ್ಮಲ್ಲಿ ಬೇಕಾದದ್ದು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಡಬ್ಲ್ಯುಪಿಸಿ ಕೊಡೋ ಇಟಿಎ, ಅಂದ್ರ ಉಪಕರಣದ ಮಾದರಿಗೆ ಕೊಡೋ ಒಪ್ಪಿಗೆ.

ಕಲಬುರಗಿ ಶರಣಬಸವೇಶ್ವರ ಜಾತ್ರ್ಯಾಗ ಗದ್ದಲ ಸಂಭಾಳಿಸಲಿಕ್ಕಂತ ನಮ್ಮ ಓಣಿ ಹುಡುಗರು ಆನ್‌ಲೈನ್‌ನಾಗ ಸೆಟ್ ತರಿಸಿದ್ದರು. ಬ್ಯಾಟರಿ ಬಿಚ್ಚಿ ನೋಡಿದರ ಒಳಗ ಸಣ್ಣ ಚೀಟಿ: 400–470 ಮೆಗಾಹರ್ಟ್ಸ್, ಬಾಜೂಕ ಸಿಇ. ಇಟಿಎ ನಂಬರ್ ಡಬ್ಬಿ ಮೇಲೂ ಇಲ್ಲ, ಬಿಲ್ಲಿನಾಗೂ ಇಲ್ಲ. ಆ 400–470ರ ತರಂಗಪಟ್ಟಿಯಾಗ ಕಡಿಮೆ ಶಕ್ತಿಯ ವಾಕಿಟಾಕಿಗೆ ಲೈಸೆನ್ಸ್ ಬೇಡದ ಜಾಗ 446.0ರಿಂದ 446.2 ಮೆಗಾಹರ್ಟ್ಸ್ ಅಷ್ಟೇ. ಕಂಪ್ಯೂಟರಿಗೆ ಕೇಬಲ್ ಹಚ್ಚಿ ಚಾನಲ್ ಬದಲಿಸಿದರ ಇನ್ನೊಬ್ಬರಿಗೆ ಹಂಚಿದ ತರಂಗದಾಗ ಕಾಲಿಟ್ಟಂಗ. ಹುಡುಗರಿಗೇನು ಗೊತ್ತು, ಮಾರಿದವನು ಹೇಳಬೇಕಿತ್ತು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಆನ್‌ಲೈನ್ ಮಾರಾಟಗಾರರಿಗೆ ಮಾರ್ಗಸೂಚಿ ಹೊರಡಿಸಿದೆ: ಆವರ್ತನ, ಇಟಿಎ, ಲೈಸೆನ್ಸ್ ಬೇಕೋ ಬ್ಯಾಡೋ ತೋರಿಸಲೇಬೇಕು. ಲೇಖನದಾಗ ಇದನ್ನ ಸೇರಿಸ್ರಿ.