ಕ್ರಿಕೆಟ್ ಕಾರ್ಡಿಗೆ ಹವಾ ಬೇಕಾ? ಇಬ್ಬರು ಭಾವಂದಿರ ಜಗಳ

ಆಟಗಾರರ ಕಾರ್ಡ್ ಕೂಡಿಡುವ ಹವ್ಯಾಸಕ್ಕೆ ಈಗ ಭಾರೀ ಹವಾ. ಕಾರ್ಡಿನ ಡಬ್ಬ ಒಡೆಯುವುದನ್ನೇ ಲೈವ್ ತೋರಿಸುತ್ತಾರೆ. ಒಂದು ಕಾರ್ಡಿಗೆ ಕೋಟಿ ಬಂತಂತೆ ಅಂತ ಸುದ್ದಿ ಓಡುತ್ತದೆ. ಈ ಹವಾದಿಂದ ಹವ್ಯಾಸಕ್ಕೆ ಒಳ್ಳೆಯದಾಯಿತಾ, ಕೆಟ್ಟದ್ದಾಯಿತಾ? ಪರವಾಗಿ ಬರೆದವರು ಕಾರವಾರದಲ್ಲಿದ್ದಾರೆ, ವಿರೋಧವಾಗಿ ಬರೆದವರು ಶಿರಸಿಯಲ್ಲಿ. ಶಿರಸಿಯವರ ತಂಗಿಯನ್ನು ಕಾರವಾರದವರಿಗೆ ಕೊಟ್ಟಿದೆ. ಹವ್ಯಕರಲ್ಲಿ ಇಂಥ ಇಬ್ಬರೂ ಒಬ್ಬರಿಗೊಬ್ಬರು ಭಾವನೇ. ಹಾಗಾಗಿ ಎರಡೂ ಕಡೆ ‘ಭಾವ’ ಅಂತ ಬಂದರೆ ಗಲಿಬಿಲಿ ಬೇಡ.

ಪರ: ಹವಾ ಇಲ್ಲದಿದ್ದರೆ ಬಚ್ಚಲು ಒಲೆಯೇ ಗತಿ

ನನ್ನ ಟ್ರಂಪ್ ಕಾರ್ಡುಗಳು ಬಚ್ಚಲು ಒಲೆಗೆ ಹೋದವು. ಟ್ರಂಪ್ ಕಾರ್ಡ್ ಅಂದರೆ ಆಟಗಾರನ ಚಿತ್ರ, ರನ್, ಪಂದ್ಯದ ಲೆಕ್ಕ ಇರುವ ಕಾರ್ಡು; ಆಟದಲ್ಲಿ ಯಾರ ಅಂಕಿ ದೊಡ್ಡದೋ ಅವರಿಗೆ ಎದುರಿನವರ ಕಾರ್ಡು. ಕುಮಟಾ ಹತ್ತಿರದ ನಮ್ಮ ಹಳ್ಳಿಮನೆ, 2001ರ ಆಷಾಢ. ಎಂಟು ದಿನ ಬಿಡದೆ ಹೊಯ್ದ ಮಳೆಗೆ ಕಟ್ಟಿಗೆಯೆಲ್ಲ ಥಂಡಿ ಹಿಡಿದಿತ್ತು. ಸೀಮೆಎಣ್ಣೆ ಮುಗಿದಿತ್ತು. ಒಣಗಿದ್ದು ಏನಾದರೂ ಇದೆಯಾ ಅಂತ ಅಮ್ಮ ಅಟ್ಟ ಹತ್ತಿದಾಗ ಸಿಕ್ಕಿದ್ದು ನನ್ನ ಬಿಸ್ಕತ್ತಿನ ಡಬ್ಬಿ. ನಾನು ಶಾಲೆಯಿಂದ ಬರುವಷ್ಟರಲ್ಲಿ ಹಂಡೆ ನೀರು ಕಾದಿತ್ತು. ಒಲೆಯ ಬಾಯಲ್ಲಿ ಅರ್ಧ ಸುಟ್ಟ ಶ್ರೀನಾಥ್ ಬಿದ್ದಿದ್ದ. ಬೌಲಿಂಗಿಗೆ ಓಡಿಬರುವ ಚಿತ್ರ. ಕಾಲು ಇರಲಿಲ್ಲ.

ಅಮ್ಮನನ್ನು ಬೈಯುವುದು ಹೇಗೆ? ಅವಳ ಲೆಕ್ಕದಲ್ಲಿ ಅದು ರಟ್ಟು. ‘ಹಳೇ ಕಾರ್ಡಿಗೆ ದುಡ್ಡು ಬರ್ತದೆ ಮಾರಾಯ್ತಿ, ಇಟ್ಕೊ’ ಅಂತ ಊರಲ್ಲಿ ಯಾರಾದರೂ ಒಬ್ಬರು ಅಂದಿದ್ದರೆ ಸಾಕಿತ್ತು. ಅದು ಸುಳ್ಳಾಗಿದ್ದರೂ ನನಗೆ ಪರವಾಗಿರಲಿಲ್ಲ, ಶ್ರೀನಾಥ್ ಉಳಿಯುತ್ತಿದ್ದ.

ನನ್ನ ವಾದ ಇಷ್ಟೇ. ಪ್ರೀತಿ ಇದ್ದವನು ಕಾರ್ಡು ಕೂಡಿಸುತ್ತಾನೆ, ಸರಿ. ಆದರೆ ಅವನ ಮನೆಯವರು ಅದನ್ನು ಉಳಿಸಬೇಕಾದರೆ ಹವಾ ಬೇಕು.

‘ಮೊದಲು ಎಲ್ಲ ಶುದ್ಧವಾಗಿತ್ತು, ಈಗ ವ್ಯಾಪಾರ ಆಗಿದೆ’ ಅಂತ ಭಾವ ಹೇಳುತ್ತಲೇ ಇರುತ್ತಾರೆ. ಯಾವ ಮೊದಲು? ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಕಾರ್ಡು ಹೊರತಂದಿತು. ಯಾತಕ್ಕೆ? ಸಿಗರೇಟು ಮಾರುವುದಕ್ಕೆ. ಆ ಕಾಲದ ಸಿಗರೇಟು ಪ್ಯಾಕು ತೆಳು ಕಾಗದದ್ದು. ಒಳಗೆ ಸಿಗರೇಟು ಮುರಿಯದಿರಲಿ ಅಂತ ಒಂದು ರಟ್ಟು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಬಂತು, ಐವತ್ತೂ ಆಗುವವರೆಗೆ ಅದೇ ಸಿಗರೇಟು ಸೇದಲಿ ಅನ್ನುವ ಉಪಾಯ. ಅಂದರೆ ಈ ಹವ್ಯಾಸ ಹುಟ್ಟಿದ್ದೇ ಜಾಹೀರಾತಿನ ಹೊಟ್ಟೆಯಲ್ಲಿ.

ಅಷ್ಟು ದೂರ ಯಾಕೆ, 1999 ನೆನಪಿಲ್ವಾ? ‘ಬ್ರಿಟಾನಿಯಾ ಖಾವೊ, ವರ್ಲ್ಡ್ ಕಪ್ ಜಾವೊ’. ಬಿಸ್ಕತ್ತಿನ ಪ್ಯಾಕಿನ ಮೇಲೆ ರನ್ ಇರುತ್ತಿತ್ತು. ಕತ್ತರಿಸಿ ಕೂಡಿಸಿದೆವು. ರಸ್ತೆ ಬದಿ ಬಿದ್ದ ಪ್ಯಾಕನ್ನೂ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಕಸದ ಬುಟ್ಟಿಗೆ ಕೈ ಹಾಕಿದ್ದಕ್ಕೆ ಅಪ್ಪನಿಂದ ಹೊಡೆತ ತಿಂದಿದ್ದೇನೆ. ನಮ್ಮಲ್ಲಿ ಒಬ್ಬನೂ ವರ್ಲ್ಡ್ ಕಪ್ಪಿಗೆ ಹೋಗಲಿಲ್ಲ. ಆದರೆ ಆ ವರ್ಷ ದ್ರಾವಿಡ್ 461 ರನ್ ಹೊಡೆದು ಇಡೀ ಟೂರ್ನಿಗೆ ಮೊದಲಿಗನಾದದ್ದು ನನಗೆ ಇವತ್ತೂ ಬಾಯಿಪಾಠ. ಕಂಪನಿ ಹವಾ ಎಬ್ಬಿಸಿದ್ದು ಬಿಸ್ಕತ್ತು ಮಾರಲು, ನನಗೆ ದಕ್ಕಿದ್ದು ಕ್ರಿಕೆಟ್. ಇದರಲ್ಲಿ ನಾನು ಕಳೆದುಕೊಂಡಿದ್ದು ಏನು?

ಕಾರವಾರದಲ್ಲಿ ಮಾಲಾದೇವಿ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಮೈಕ್ ಹಿಡಿದವನು ಅರ್ಧ ಕನ್ನಡ, ಅರ್ಧ ಕೊಂಕಣಿಯಲ್ಲಿ ಕಿರುಚುತ್ತಾನೆ. ಬೆಳಿಗ್ಗೆ ಬೈತಖೋಲದಲ್ಲಿ ಮೀನು ಇಳಿಸಿದ ಹುಡುಗ ಮಧ್ಯಾಹ್ನ ‘ಕಾರವಾರದ ಸೆಹ್ವಾಗ್’ ಆಗಿರುತ್ತಾನೆ. ಅವನು ಸೆಹ್ವಾಗ್ ಅಲ್ಲ ಅಂತ ಮೈಕಿನವನಿಗೂ ಗೊತ್ತು, ನಮಗೂ ಗೊತ್ತು. ಆದರೂ ಮುಂದಿನ ಬಾಲಿಗೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಆ ಕಿರುಚಾಟ ತೆಗೆದುಬಿಡಿ, ಮೈದಾನದಲ್ಲಿ ಉಳಿಯುವುದು ಇಪ್ಪತ್ತೆರಡು ಜನ ಮತ್ತು ಒಂದು ನಾಯಿ.

ಈಗ ದುಡ್ಡಿನ ಮಾತು. ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಬೇಸ್‌ಬಾಲ್ ಕಾರ್ಡು ಮಾಡಿತು. ಕೊನೆಯ ಕಂತಿನ ಕಾರ್ಡು ಖರ್ಚಾಗದೆ ಗೋದಾಮಿನಲ್ಲಿ ಕೊಳೆಯಿತು. ಕೊನೆಗೆ 1960ರಲ್ಲಿ ಪೆಟ್ಟಿಗೆ ಪೆಟ್ಟಿಗೆ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವು ಅಂತ ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಆ ಕಂತಿನಲ್ಲಿ ಮಿಕಿ ಮ್ಯಾಂಟಲ್ ಅನ್ನುವ ಬೇಸ್‌ಬಾಲ್ ಆಟಗಾರನ ಕಾರ್ಡ್ ಇತ್ತು. ಅದರ ಒಂದು ಪ್ರತಿ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಟಾಪ್ಸ್‌ನವರ ಅಟ್ಲಾಂಟಿಕ್, ನಮ್ಮಮ್ಮನ ಬಚ್ಚಲು ಒಲೆ. ಎರಡೂ ಒಂದೇ ನೋಡಿ.

ಹವಾ ಬಂದರೆ ಮೋಸಗಾರರೂ ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಶಿರಸಿಯಲ್ಲೇ ಕೂತ ಭಾವನಿಗೆ ಮಾರಿಕಾಂಬಾ ಜಾತ್ರೆಯ ಬಗ್ಗೆ ನಾನು ಹೇಳಬೇಕಾ? ಎರಡು ವರ್ಷಕ್ಕೊಮ್ಮೆ ಬರುವ ಆ ಜನರಲ್ಲಿ ಅಮ್ಮನವರಿಗೆ ಉಡಿ ತುಂಬಲು ಬಂದವರು ಎಷ್ಟು, ತೊಟ್ಟಿಲು ಹತ್ತಿ ಮಿರ್ಚಿ ತಿಂದು ಹೋಗಲು ಬಂದವರು ಎಷ್ಟು? ಅಮ್ಮನವರು ಯಾರನ್ನೂ ವಾಪಸ್ ಕಳಿಸಿದ್ದಿಲ್ಲ. ನನ್ನ ಮಗನೂ ರೀಲ್ಸ್ ನೋಡಿಯೇ ಕಾರ್ಡು ಕೇಳಿದ. ಈಗ ಅವನಿಗೆ ಬಾರದ ಆಟಗಾರನ ಹೆಸರಿಲ್ಲ.

ವಿರೋಧ: ವೆನಿಲಾ ಕಂಡವರಿಗೆ ಹವಾ ಹೊಸದಲ್ಲ

ಭಾವ ಚೆನ್ನಾಗಿ ಬರೆದಿದ್ದಾರೆ. ಶ್ರೀನಾಥ್ ಸುಟ್ಟ ಕಥೆಯನ್ನು ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಹಿಂದೆ ಸುಟ್ಟಿದ್ದು ವೆಂಕಟೇಶ್ ಪ್ರಸಾದ್ ಅಂತಿತ್ತು, ಇರಲಿ.

ಸಮುದ್ರಕ್ಕೆ ಸುರಿದ ಕಾರ್ಡಿನಿಂದಲೇ ಶುರುಮಾಡುತ್ತೇನೆ. ಮ್ಯಾಂಟಲ್ ಕಾರ್ಡಿಗೆ 100 ಕೋಟಿ ಬಂದದ್ದು ಯಾಕೆ? ಸುರಿದದ್ದಕ್ಕೆ, ಭಾವ. ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಹರಿದದ್ದಕ್ಕೆ. ತಾಯಂದಿರು ಗುಡಿಸಿ ಹಾಕಿದ್ದಕ್ಕೆ. ಎಲ್ಲರೂ ಜೋಪಾನ ಮಾಡಿದ್ದರೆ ಅದಕ್ಕೆ ಮೂರು ಕಾಸು ಬರುತ್ತಿರಲಿಲ್ಲ. ಇದು ನನ್ನ ಊಹೆ ಅಲ್ಲ, ಅಮೆರಿಕದಲ್ಲಿ ನಡೆದುಹೋಗಿದೆ. 1980ರ ದಶಕದ ಕೊನೆಗೆ ಹಳೇ ಕಾರ್ಡಿನ ಬೆಲೆ ಕೇಳಿ ಜನ ಹುಚ್ಚೆದ್ದರು. ಮಗನ ಕಾಲೇಜು ಫೀಸಿಗಾಗುತ್ತದೆ ಅಂತ ಸೀಲ್ ಒಡೆಯದ ಡಬ್ಬಗಳನ್ನು ಕೊಂಡು ಕಪಾಟಿನಲ್ಲಿಟ್ಟರು. ಕಂಪನಿಗಳು ಬಿಡುತ್ತವಾ? ಹಗಲೂ ರಾತ್ರಿ ಮುದ್ರಿಸಿದವು. ಆ ಹೊತ್ತಿನ ಕಾರ್ಡುಗಳನ್ನು ಈಗ ‘ಜಂಕ್ ವ್ಯಾಕ್ಸ್’ ಅನ್ನುತ್ತಾರೆ. ಜಂಕ್ ಅಂದರೆ ಕಸ, ವ್ಯಾಕ್ಸ್ ಅಂದರೆ ಪ್ಯಾಕೆಟ್ಟಿನ ಮೇಣದ ಕಾಗದ. ಎಲ್ಲರೂ ಉಳಿಸಿದರು, ಹಾಗಾಗಿ ಯಾವುದಕ್ಕೂ ಬೆಲೆಯಿಲ್ಲ. ಹವಾ ಕಾರ್ಡನ್ನು ಉಳಿಸುತ್ತದೆ ಅಂತ ಭಾವ ಹೇಳಿದ್ದು ನಿಜ. ಉಳಿಸಿ, ಕಸ ಮಾಡಿ ಕೈಗೆ ಕೊಡುತ್ತದೆ.

ನಮಗೆ ಶಿರಸಿ ಕಡೆಯವರಿಗೆ ಈ ಪಾಠ ಮೊದಲೇ ಆಗಿದೆ. ವೆನಿಲಾ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು, ಅಲ್ಲಿನ ಬೆಳೆ ಹೋಯಿತು, ಇಲ್ಲಿ ನಮ್ಮ ಅಡಿಕೆ ತೋಟದಲ್ಲಿ ಬಳ್ಳಿ ಎದ್ದಿತು. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಳ ಲೆಕ್ಕ. ಅಪ್ಪ ಬೆಳಿಗ್ಗೆ ಬೇಗ ಎದ್ದು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರು. ರಾತ್ರಿ ಕಳ್ಳರ ಹೆದರಿಕೆಗೆ ಟಾರ್ಚು ಹಿಡಿದು ತೋಟ ಸುತ್ತುತ್ತಿದ್ದರು. ಮದುವೆ ಮನೆ ಪಂಕ್ತಿಯಲ್ಲೂ ಬಳ್ಳಿ ತುಂಡಿನ ರೇಟಿನದೇ ಮಾತು. ಒಂದೆರಡು ವರ್ಷ, ಅಷ್ಟೇ. ಆಮೇಲೆ ಕೋಡು ಕೇಳುವವರಿಲ್ಲ. ಅಪ್ಪ ಯಾರನ್ನೂ ಬೈಯಲಿಲ್ಲ. ಬಳ್ಳಿಗಳನ್ನು ಕಿತ್ತು ಮರದ ಬುಡಕ್ಕೆ ಹಾಕಿ ಕಾಳುಮೆಣಸು ನೆಟ್ಟರು. ಹೇಳಬೇಕಾದ್ದು ಇದು: ಆ ಎರಡು ವರ್ಷ ನಮ್ಮ ಮನೆಯಲ್ಲಿ ಯಾರೂ ವೆನಿಲಾ ಹಾಕಿ ಒಂದು ಪಾಯಸ ಮಾಡಲಿಲ್ಲ. ಅದರ ರುಚಿ ಏನು ಅಂತ ಯಾರಿಗೂ ಬೇಕಾಗಿರಲಿಲ್ಲ.

ಕಾರ್ಡಿಗೂ ಈಗ ಅದೇ ಆಗಿದೆ. ಕಳೆದ ವರ್ಷ ನಾನೂ ಒಂದು ‘ಬ್ರೇಕ್’ಗೆ ಸೇರಿದೆ. ಹಾಗೆಂದರೆ ಸೀಲ್ ಆದ ಡಬ್ಬವನ್ನು ಒಬ್ಬ ಲೈವ್‌ನಲ್ಲಿ ಒಡೆಯುತ್ತಾನೆ. ನಾವು ಮೊದಲೇ ದುಡ್ಡು ಕೊಟ್ಟು ಒಂದು ತಂಡ ಹಿಡಿದಿರಬೇಕು. ಆ ತಂಡದ ಕಾರ್ಡು ಬಂದರೆ ನಮ್ಮದು, ಬಾರದಿದ್ದರೆ ದುಡ್ಡು ಹೋಯಿತು. ಮಟ್ಕಾಕ್ಕೂ ಇದಕ್ಕೂ ಇರುವ ಫರಕು ಇವತ್ತಿಗೂ ನನಗೆ ತಿಳಿದಿಲ್ಲ. ಒಡೆಯುವ ಹುಡುಗ ಪ್ರತಿ ಕಾರ್ಡಿಗೂ ‘ಬೆಂಕಿ! ಬೆಂಕಿ!’ ಅಂತ ಕೂಗುತ್ತಿದ್ದ. ಸಾದಾ ಕಾರ್ಡಿಗೂ ಬೆಂಕಿ. ಆಟಗಾರನ ಹೆಸರು ತಪ್ಪು ಓದಿದಾಗಲೂ ಬೆಂಕಿ. ಮುಕ್ಕಾಲು ಗಂಟೆಯಲ್ಲಿ ಒಬ್ಬ ಆಟಗಾರನ ಆಟದ ಬಗ್ಗೆ ಒಂದು ಮಾತು ಬರಲಿಲ್ಲ. ನನ್ನ 4,500 ರೂಪಾಯಿಗೆ ಸಿಕ್ಕಿದ್ದು ಎರಡು ಸಾದಾ ಕಾರ್ಡು. ಕೊರಿಯರ್‌ನಲ್ಲಿ ಬಂದಾಗ ಕಾರ್ಡಿಗಿಂತ ಟೇಪೇ ಜಾಸ್ತಿ ಇತ್ತು. ತಂಗಿಗೆ ಇದು ಗೊತ್ತಿಲ್ಲ. ಈಗ ಗೊತ್ತಾಗುತ್ತದೆ.

ಇನ್ನು ಅಪರೂಪ ಅನ್ನುವುದು. ಒಂದೇ ಫೋಟೋಗೆ ನೀಲಿ ಅಂಚು, ಕೆಂಪು ಅಂಚು, ಬಂಗಾರದ ಅಂಚು. ಒಂದರ ಮೇಲೆ 25ರಲ್ಲಿ 7 ಅಂತ ನಂಬರು, ಅಂದರೆ ಮಾಡಿದ 25 ಪ್ರತಿಗಳಲ್ಲಿ ಇದು ಏಳನೆಯದು. ಇನ್ನೊಂದರ ಮೇಲೆ ಒಂದರಲ್ಲಿ ಒಂದು ಅಂತ. ಕಾಲಕ್ಕೆ ಸಿಕ್ಕಿ ಅಪರೂಪವಾಗುವುದು ಬೇರೆ. ಕಾರ್ಖಾನೆಯಿಂದಲೇ ಅಪರೂಪವಾಗಿ ಹೊರಬರುವುದು ಬೇರೆ.

ಗ್ರೇಡಿಂಗ್, ಅಂದರೆ ಕಾರ್ಡಿನ ಸ್ಥಿತಿ ನೋಡಿ ದರ್ಜೆ ಹಾಕುವುದರ ಬಗ್ಗೆ ಮಾತ್ರ ನನಗೆ ಸ್ವಲ್ಪ ಮರ್ಯಾದೆ ಇದೆ, ಅಡಿಕೆ ಮನೆಯವನಲ್ವಾ. ಅಡಿಕೆಯನ್ನು ರಾಶಿ, ಬೆಟ್ಟೆ, ಕೆಂಪುಗೋಟು, ಕೋಕಾ ಅಂತ ದರ್ಜೆ ನೋಡಿ ಆರಿಸುವ ಕಣ್ಣು ಸುಲಭಕ್ಕೆ ಬರುವುದಿಲ್ಲ. ಅಮೆರಿಕದ ಪಿಎಸ್‌ಎ ಅನ್ನುವ ಕಂಪನಿ 1991ರಿಂದ ಕಾರ್ಡಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಿದೆ. ಮೂಲೆ ಚೂಪಾಗಿದೆಯಾ, ಅಂಚು ಬಿಳಿಯಾಗಿದೆಯಾ, ಚಿತ್ರ ನಡುವಿಗೆ ಕೂತಿದೆಯಾ, ಮೇಲ್ಮೈಗೆ ಗೀರು ಬಿದ್ದಿದೆಯಾ ನೋಡಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕೊಡುತ್ತದೆ. ನಕಲಿ ತಡೆಯಲು ಒಳ್ಳೆಯದೇ. ಆದರೆ ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ಜನ ಸಿಕ್ಕ ಸಿಕ್ಕ ಕಾರ್ಡನ್ನೆಲ್ಲ ಕಳಿಸಿ, 2021ರ ಮಾರ್ಚ್‌ನಲ್ಲಿ ಆ ಕಂಪನಿ ಹೆಚ್ಚಿನ ಸೇವೆಗಳನ್ನು ನಿಲ್ಲಿಸಿ, ಮೊದಲು ಇದ್ದದ್ದು ಮುಗಿಸುತ್ತೇವೆ ಅಂದಿತು. ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟಾರ್ಗೆಟ್ ಅನ್ನುವ ಕಂಪನಿಯ ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ ಕಾರ್ಡಿಗಾಗಿ ಹೊಡೆದಾಟವಾಗಿ ಪಿಸ್ತೂಲು ಹೊರಬಂತು. ಟಾರ್ಗೆಟ್‌ನವರು ಕೆಲಕಾಲ ಅಂಗಡಿಗಳಲ್ಲಿ ಕಾರ್ಡು ಮಾರುವುದನ್ನೇ ಬಿಟ್ಟರು. ಜಾತ್ರೆಗೆ ಎಲ್ಲರೂ ಬರಲಿ ಅಂದಿರಲ್ಲ ಭಾವ, ತೊಟ್ಟಿಲು ಹತ್ತಬೇಕಾದ ಮಕ್ಕಳನ್ನು ಇಳಿಸಿ ದೊಡ್ಡವರು ಕೂತರೆ ಏನನ್ನಬೇಕು?

ಖುಷಿ ಯಾವುದು, ಹವಾ ಯಾವುದು ಅಂತ ಗುರುತಿಸಲು ನನ್ನದೊಂದು ಉಪಾಯ ಇದೆ. ಮಾರಾಟಕ್ಕಿಲ್ಲದ ಕಾರ್ಡಿನ ಬಗ್ಗೆ ಮಾತು ತೆಗೆಯಿರಿ. ಹವಾದವನು ಎರಡು ನಿಮಿಷಕ್ಕೆ ಮೊಬೈಲ್ ನೋಡುತ್ತಾನೆ. ಪ್ರೀತಿಯವನ ಮಾತು ಚಹಾ ಆರಿದರೂ ಮುಗಿಯುವುದಿಲ್ಲ.

ನನ್ನ ಹತ್ತಿರ ಸುನಿಲ್ ಜೋಶಿಯ ಒಂದು ಟ್ರಂಪ್ ಕಾರ್ಡ್ ಇತ್ತು. ಗದಗದ ಎಡಗೈ ಸ್ಪಿನ್ನರ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಕಾರ್ಡಿನ ಒಂದು ಮೂಲೆಗೆ ಅಡಿಕೆ ಚೊಗರಿನ ಕಲೆ. ಪಿಎಸ್‌ಎಯವರು ಒಂದು ಅಂಕವನ್ನೂ ದಯೆಯಿಂದಲೇ ಕೊಟ್ಟಾರು. ಟ್ರಂಪ್ ಆಟದಲ್ಲೂ ಅದು ಸೋಲುವ ಕಾರ್ಡೇ. ರನ್ ಕಮ್ಮಿ, ಪಂದ್ಯ ಕಮ್ಮಿ.

ಹೋದ ಮಳೆಗಾಲ ಭಾವನ ಮಗ ಶಿರಸಿಗೆ ಬಂದಿದ್ದ. ಜಗಲಿಯಲ್ಲಿ ನನ್ನ ಹಳೇ ಡಬ್ಬಿ ತೆಗೆದೆ. ಅಳಿಯ ಒಂದೊಂದೇ ಕಾರ್ಡು ಎತ್ತಿ, ‘ಮಾವ, ಇದಕ್ಕೆ ಎಷ್ಟು ಬರ್ತದೆ?’ ಅಂತ ಕೇಳಿದ. ಏನೂ ಬರುವುದಿಲ್ಲ, ಆಡುವುದಾದರೆ ಆಡು ಅಂದೆ. ಹಂಚಿದೆವು. ಹೊರಗೆ ಮಳೆ, ಕರೆಂಟ್ ಇಲ್ಲ. ಮೂರು ಆಟ ಆಡುವಷ್ಟರಲ್ಲಿ ಅವನಿಗೆ ಸಯೀದ್ ಅನ್ವರ್ ಕಾರ್ಡಿನ ಗುಟ್ಟು ಸಿಕ್ಕಿಬಿಟ್ಟಿತು. ಗರಿಷ್ಠ ಸ್ಕೋರು 194, ಚೆನ್ನೈಯಲ್ಲಿ ನಮ್ಮ ಮೇಲೆಯೇ ಹೊಡೆದದ್ದು. ಅದನ್ನು ಮೀರುವ ಕಾರ್ಡು ಆ ಪ್ಯಾಕಿನಲ್ಲಿಲ್ಲ. ನಾವೂ ಚಿಕ್ಕವರಿದ್ದಾಗ ಆ ಕಾರ್ಡಿಗೆ ಬೈದುಕೊಂಡೇ ಆಸೆಪಡುತ್ತಿದ್ದೆವು.

‘ಹೈಯೆಸ್ಟ್ ಸ್ಕೋರ್, ನೂರಾ ತೊಂಬತ್ನಾಲ್ಕು’ ಅಂತ ಅಳಿಯ ಕಾರ್ಡನ್ನು ಚಾಪೆಗೆ ಬಡಿದ. ನನ್ನ ಕೈಲಿ ಉಳಿದದ್ದು ಜೋಶಿ ಒಬ್ಬನೇ. ಆಟ ಅಂದಮೇಲೆ ಕೊಡಲೇಬೇಕು. ಕೊಟ್ಟೆ. ಅವನು ಹಿಂದೆ ತಿರುಗಿಸಿ ಓದಿ, ‘ಮಾವ, ಇವ್ರು ಯಾರು?’ ಅಂದ. ನಾನು ನೈರೋಬಿ ಕಥೆ ಶುರುಮಾಡಿದೆ. ಅವರತ್ತೆ ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಕಾರ್ಡು ಈಗ ಕಾರವಾರದಲ್ಲಿದೆ, ಭಾವ. ನಿಮ್ಮನೆಯಲ್ಲಿ ಗೀಸರ್ ಇದೆ, ಹಾಗಾಗಿ ನನಗೆ ಹೆದರಿಕೆ ಇಲ್ಲ.