ಹಿಂದಿನ ತಾರೀಕು

ಸರ್ಕಾರಿ ಕಾಗದದಲ್ಲಿ ಹಿಂದಿನ ತಾರೀಕು ಹಾಕಿದ್ದಾರೆ ಅಂದರೆ ನಮಗೆ ಮೊದಲು ಹೊಳೆಯುವುದೇ ಲಂಚ. ಯಾರೋ ತಿಂದರು, ಯಾರದೋ ಜಮೀನು ಹೋಯಿತು ಅಂತ ಲೆಕ್ಕ ಹಾಕಿಬಿಡುತ್ತೇವೆ. ಪಾಲ್ ಗ್ರೂನಿಂಗರ್ ಬಗ್ಗೆ ಓದಿದ ಮೇಲೆ ನನ್ನ ಈ ಲೆಕ್ಕ ಸ್ವಲ್ಪ ತಪ್ಪಿತು.

ಈತ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ. ಅದಕ್ಕೂ ಮುಂಚೆ ಸ್ಕೂಲ್ ಮೇಷ್ಟ್ರು. ಒಳ್ಳೇ ಫುಟ್‌ಬಾಲ್ ಆಟಗಾರ ಕೂಡ. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅಲ್ಲಿನ ಯಹೂದಿಗಳು ಜೀವ ಕೈಲಿ ಹಿಡಿದು ಗಡಿಗೆ ಓಡಿಬಂದರು. ಡೀಪೋಲ್ಡ್ಸಾವ್ ಎಂಬ ಊರಿನ ಹತ್ತಿರ ಗಡಿ ಅಂದರೆ ರೈನ್ ನದಿಯ ಹಳೇ ಪಾತ್ರ. ನದಿಯನ್ನು ಬೇರೆ ಕಡೆ ತಿರುಗಿಸಿದ್ದರು, ಹಾಗಾಗಿ ಅಲ್ಲಿ ನೀರು ಕಡಿಮೆ. ಕತ್ತಲಲ್ಲಿ ದಾಟಿಬಿಡಬಹುದಿತ್ತು. ಆಗಸ್ಟಿನಲ್ಲಿ ಸ್ವಿಸ್ ಸರ್ಕಾರ ಗಡಿ ಮುಚ್ಚಿತು. ವೀಸಾ ಇಲ್ಲದೆ ಬಂದವರನ್ನು ವಾಪಸ್ ಅಟ್ಟಿ ಅಂತ ಆದೇಶ.

ಗ್ರೂನಿಂಗರ್ ಭಾಷಣ ಮಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಚಳಿಗಾಲದಲ್ಲಿ ಒದ್ದೆಯಾಗಿ ಬಂದು ನಿಂತವರನ್ನೂ, ಇವರು ಆಗಸ್ಟಿಗೆ ಮುಂಚೆಯೇ ಬಂದಿದ್ದಾರೆ ಅಂತ ಕಾಗದದಲ್ಲಿ ತೋರಿಸಿದ. ಉಟ್ಟ ಬಟ್ಟೆಯಲ್ಲೇ ಬಂದ ಕೆಲವರಿಗೆ ಸ್ವಂತ ದುಡ್ಡಲ್ಲಿ ಬೆಚ್ಚನೆ ಬಟ್ಟೆ ತಂದುಕೊಟ್ಟ. ಹೀಗೆ ಉಳಿದವರು 3,600 ಮಂದಿ ಅಂತ ಹೇಳುವುದುಂಟು. ಆ ಅಂಕಿಯ ಬಗ್ಗೆ ವಾದ ಇದೆ, ಇರಲಿ ಬಿಡಿ. ನೂರಾರು ಅಂದುಕೊಂಡರೂ ಕಮ್ಮಿಯೇನಲ್ಲ, ಅಲ್ವಾ?

1939ರಲ್ಲಿ, ಯುದ್ಧ ಶುರುವಾಗುವ ಮುಂಚೆಯೇ, ಕೆಲಸದಿಂದ ಕಿತ್ತುಹಾಕಿದರು. ಪಿಂಚಣಿಯೂ ಹೋಯಿತು. ಮರುವರ್ಷ ಕೋರ್ಟು 300 ಫ್ರಾಂಕ್ ದಂಡ ಹಾಕಿತು. ದುಡ್ಡು ತಿಂದಿದ್ದಾನೆ ಅಂತ ಊರೆಲ್ಲ ಗುಸುಗುಸು. ಮಗಳು ಓದು ಅರ್ಧಕ್ಕೆ ಬಿಡಬೇಕಾಯಿತು.

"ಆತ ತಪ್ಪೇ ಮಾಡಿರಲಿಲ್ಲ" ಅಂತ ಈಗ ಹೊಗಳುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸುಳ್ಳು ದಾಖಲೆ ಮಾಡಿದ್ದು ನಿಜ. ಗೊತ್ತಿದ್ದೇ ಮಾಡಿದ. ಆ ಸುಳ್ಳನ್ನು ಒರೆಸಿಬಿಟ್ಟರೆ ಆತ ಮಾಡಿದ್ದೇನು ಅನ್ನುವುದೇ ಮಾಯವಾಗುತ್ತದೆ. ನಿಯಮದ ಪ್ರಕಾರ ನಡೆದುಕೊಂಡ ಎಷ್ಟೋ ಅಧಿಕಾರಿಗಳು ಪೂರ್ತಿ ಪಿಂಚಣಿ ತಗೊಂಡು ನೆಮ್ಮದಿಯಾಗಿ ಹೋದರು. ಅವರ ಕಾಗದಗಳಲ್ಲಿ ತಾರೀಕುಗಳೆಲ್ಲ ಸರಿಯಾಗಿಯೇ ಇದ್ದವು.

1971ರಲ್ಲಿ ಯಹೂದಿಗಳ ಹತ್ಯಾಕಾಂಡದ ನೆನಪಿಗಾಗಿ ಇರುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಆತನನ್ನು ಗೌರವಿಸಿತು. ಮರುವರ್ಷವೇ ತೀರಿಕೊಂಡ, ಬಡತನದಲ್ಲೇ. ಸೇಂಟ್ ಗಾಲೆನ್ ಕೋರ್ಟು ಹಳೇ ತೀರ್ಪನ್ನು ರದ್ದು ಮಾಡಿದ್ದು 1995ರಲ್ಲಿ. ಆ ಹಳೇ ರೈನ್ ಮೇಲಿನ ಸೇತುವೆಗೆ ಈಗ ಆತನದೇ ಹೆಸರು.