ಟಿಕೆಟ್ ಬೇಡ ಅನ್ನೋದಕ್ಕೂ ಒಂದು ಟಿಕೆಟ್

ಇಟಲಿಯ ವೆನಿಸ್ ನಗರಸಭೆಯವರ ಎದೆಗಾರಿಕೆ ಮೆಚ್ಚಬೇಕು. ಮ್ಯೂಸಿಯಂಗೆ ಟಿಕೆಟ್ ಇಟ್ಟವರನ್ನು ನೋಡಿದ್ದೇವೆ, ಮೃಗಾಲಯಕ್ಕೆ ಇಟ್ಟವರನ್ನೂ ನೋಡಿದ್ದೇವೆ. ಜನ ಹಲ್ಲುಜ್ಜುವ, ಬಟ್ಟೆ ಒಣಗಿಹಾಕುವ, ಹೆಣವನ್ನೂ ದೋಣಿಯಲ್ಲೇ ಸಾಗಿಸುವ ಒಂದಿಡೀ ಊರಿಗೇ ಟಿಕೆಟ್ ಇಡಬಹುದೆಂದು ಹೊಳೆದದ್ದು ಇವರಿಗೆ. 2024ರ ಏಪ್ರಿಲ್ 25ರಿಂದ ಶುರು. ಗೊತ್ತುಮಾಡಿದ ದಿನಗಳಲ್ಲಿ ತಲೆಗೆ 5 ಯೂರೋ, ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ. ನಾಲ್ಕು ದಾಟಿತೋ, ಸಂತೆ ಮುಗಿಯುವ ಹೊತ್ತಿನ ಸೊಪ್ಪಿನಂತೆ ವೆನಿಸ್ ಕೂಡ ಬಿಟ್ಟಿ.

ನಮ್ಮ ಕಡೆಯ ಒಂದು ಜೋಡಿಯನ್ನೇ ತೆಗೆದುಕೊಳ್ಳಿ. ಮಗಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ, ಅವಳನ್ನು ನೋಡಲು ಹೋದವರು ಹಾಗೇ ಎರಡು ದಿನ ವೆನಿಸ್ ನೋಡಿಕೊಂಡು ಬರೋಣ ಅಂತ ಹೊರಟಿದ್ದಾರೆ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ತಲಾ 90 ಯೂರೋ ಶುಲ್ಕ ಕಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಹೊಟ್ಟೆ ಸೀಳಿ ತೋರಿಸಿ, ನಾವು ವಾಪಸ್ ಬಂದೇ ಬರ್ತೀವಿ ಅಂತ ನಂಬಿಸಿದವರು. ವೆನಿಸ್‌ನ ರೂಮು ಬಾಡಿಗೆ ನೋಡಿ ಗಾಬರಿಯಾಗಿ, ರೈಲಿನಲ್ಲಿ ಅರ್ಧ ಗಂಟೆ ದೂರದ ಪಾಡುವಾದಲ್ಲಿ ಉಳಿದುಕೊಂಡಿದ್ದಾರೆ.

"ರೀ, ವೆನಿಸ್ ಇರೋ ವೆನೆಟೋ ಪ್ರಾಂತ್ಯದವರಿಗೆ ಟಿಕೆಟ್ ಇಲ್ವಂತೆ. ಪಾಡುವಾ ವೆನೆಟೋದಲ್ಲೇ ಇದೆಯಲ್ಲ?"

"ಅದು ಮನೆ ಇದ್ದವರಿಗೆ ಕಣೇ, ರೂಮು ಮಾಡಿದವರಿಗಲ್ಲ."

ಇದೇ ಜೋಡಿ ವೆನಿಸ್‌ನ ದುಬಾರಿ ಹೋಟೆಲಿನಲ್ಲೇ ಇಳಿದಿದ್ದರೆ, ರಾತ್ರಿ ಉಳಿಯುವವರು ಅಂತ ಐದು ಯೂರೋ ಮಾಫಿ. ಆದರೆ ಮಾಫಿ ಅಂದ ಮಾತ್ರಕ್ಕೆ ಸುಮ್ಮನೆ ಒಳಗೆ ನಡೆದುಬಿಡೋ ಹಾಗಿಲ್ಲ. 'ನಾನು ಹಣ ಕಟ್ಟಬೇಕಾಗಿಲ್ಲ' ಅಂತ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಅದಕ್ಕೊಂದು ಕ್ಯೂಆರ್ ಕೋಡ್ ಪಡೆದು, ಮೊಬೈಲಿನಲ್ಲಿಟ್ಟುಕೊಂಡು ತಿರುಗಬೇಕು. ಕೋಡ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 50ರಿಂದ 300 ಯೂರೋ. ಊರಿನವರ ನೆಂಟರಿಗೂ ವಿನಾಯಿತಿ ಉಂಟು, ಮೂರನೇ ಹಂತದ ನೆಂಟಸ್ತನದವರೆಗೆ. ಅಣ್ಣನ ಮಗ ಆರಾಮಾಗಿ ಬರಬಹುದು. ಚಿಕ್ಕಪ್ಪನ ಮಗ ಇಟಲಿಯ ಲೆಕ್ಕದಲ್ಲಿ ನಾಲ್ಕನೇ ಹಂತದವನು, ಅವನು ಕಾಸು ಬಿಚ್ಚಬೇಕು. ನಮ್ಮ ಮದುವೆ ಮನೆಗಳಲ್ಲಿ ಈ ನಿಯಮ ತಂದರೆ ಅಡುಗೆಯವರಿಗೆ ಎಷ್ಟು ಅನುಕೂಲ ನೋಡಿ.

ಇಷ್ಟೆಲ್ಲ ಯಾಕೆ? ನೂಕುನುಗ್ಗಲು ಕಡಿಮೆಯಾಗಲಿ ಅಂತ. ಮೊದಲ ವರ್ಷದ 29 ದಿನಗಳಲ್ಲಿ ಸುಮಾರು 4.85 ಲಕ್ಷ ಜನ ಹಣ ಕಟ್ಟಿ ಒಳಗೆ ಹೋದರು, 24 ಲಕ್ಷ ಯೂರೋ ಬಂತು. ಜನ ಬಾರದಿರಲಿ ಅಂತ ಮಾಡಿದ ಟಿಕೆಟ್ ಇಷ್ಟು ಚೆನ್ನಾಗಿ ಖರ್ಚಾದರೆ ಅದನ್ನು ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ? ನಗರಸಭೆ ತಲೆ ಕೆಡಿಸಿಕೊಳ್ಳಲಿಲ್ಲ. ಮರುವರ್ಷ 29 ದಿನವನ್ನು 54 ಮಾಡಿತು, ಕೊನೇ ಗಳಿಗೆಯಲ್ಲಿ ಬುಕ್ ಮಾಡುವವರಿಗೆ 10 ಯೂರೋ ಮಾಡಿತು.

ನಗಬೇಡಿ. ವೆನಿಸ್ ಶುರುಮಾಡಿದ ಹನ್ನೆರಡೇ ದಿನಕ್ಕೆ, ಮೇ 7ರಂದು, ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿಗೂ ಇ-ಪಾಸ್ ಬಂತಲ್ಲ. ಪುಕ್ಕಟೆ ಪಾಸು, ಮೊದಮೊದಲು ಕೇಳಿದವರಿಗೆಲ್ಲ ಸಿಕ್ಕಿತು. ಬಂಡೀಪುರ ದಾಟಿ ತಮಿಳುನಾಡಿನ ಗಡಿ ಮುಟ್ಟಿದ ಮೇಲೆ ನೆಟ್‌ವರ್ಕ್ ಹುಡುಕುತ್ತಾ ಮೊಬೈಲನ್ನು ಆಕಾಶಕ್ಕೆ ಎತ್ತಿ ನಿಂತ ಬೆಂಗಳೂರಿನ ಗಂಡಂದಿರಿಗೆ ವೆನಿಸ್‌ನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ನಮ್ಮ ಜೋಡಿ ರೈಲಿಳಿಯಿತು. ಸ್ಟೇಷನ್ನಿನ ಪಕ್ಕದಲ್ಲೇ ಒಂದು ಹೊಸ ಸೇತುವೆ ಇದೆ, ಅದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಸಾಂತಿಯಾಗೊ ಕಲಾತ್ರಾವಾ ವಿನ್ಯಾಸ ಮಾಡಿದ್ದು, 2008ರಲ್ಲಿ ತೆರೆದದ್ದು. ಮೆಟ್ಟಿಲಿಗೆ ಗಾಜು ಹಾಕಿದರು. ಮಂಜು, ಮಳೆ, ನೀರಿನ ಊರಿನಲ್ಲಿ, ಪ್ರತಿಯೊಬ್ಬನೂ ಸೂಟ್‌ಕೇಸ್ ಎಳೆದುಕೊಂಡು ಬರುವ ಜಾಗದಲ್ಲಿ, ಗಾಜಿನ ಮೆಟ್ಟಿಲು! ಜನ ಜಾರಿದರು, ಬಿದ್ದರು, ಕೈಕಾಲು ಮುರಿದುಕೊಂಡರು. ಗಾಲಿಕುರ್ಚಿಯವರು ಹೇಗೆ ದಾಟಬೇಕು ಅನ್ನೋದು ಆಮೇಲೆ ನೆನಪಾಯಿತು. ಸೇತುವೆಯ ಪಕ್ಕಕ್ಕೆ ಮೊಟ್ಟೆಯಾಕಾರದ ಕೆಂಪು ಡಬ್ಬಿಯೊಂದನ್ನು ಸುಮಾರು 18 ಲಕ್ಷ ಯೂರೋ ಖರ್ಚಿನಲ್ಲಿ ಅಂಟಿಸಿದರು. ಅದು ಬಿಸಿಲಿಗೆ ಒಳಗಿದ್ದವರನ್ನು ಬೇಯಿಸುತ್ತಿತ್ತು, ಆಮೆಯ ನಡಿಗೆ ಬೇರೆ. 2020ರಲ್ಲಿ ಬಿಚ್ಚಿ ಒಯ್ದರು. ನಮ್ಮ ಗುತ್ತಿಗೆದಾರರೇ ವಾಸಿ ಅನ್ನೋಣವೆಂದರೆ ಒಂದು ತೊಡಕಿದೆ: ಅಲ್ಲಿನ ನ್ಯಾಯಾಲಯ 2019ರಲ್ಲಿ ಆ ವಾಸ್ತುಶಿಲ್ಪಿಗೆ 78,000 ಯೂರೋ ದಂಡ ಹಾಕಿತು.

ಅದೇ ವರ್ಷ ಇನ್ನೊಂದು ದಂಡವೂ ಬಿತ್ತು. ಬರ್ಲಿನ್‌ನಿಂದ ಬಂದ ಜೋಡಿಯೊಂದು ರಿಯಾಲ್ಟೋ ಸೇತುವೆಯ ಮೆಟ್ಟಿಲ ಮೇಲೆ ಕೂತು, ಪುಟ್ಟ ಸ್ಟೌ ಹಚ್ಚಿ ಕಾಫಿ ಕಾಯಿಸಿಕೊಂಡಿತು. 950 ಯೂರೋ ಕಕ್ಕಿಸಿ ಊರು ಬಿಡಿಸಿದರು. ಇತಿಹಾಸದಲ್ಲೇ ದುಬಾರಿ ಕಾಫಿ ಇರಬೇಕು ಅಂದುಕೊಂಡಿರಾ? ಸೇಂಟ್ ಮಾರ್ಕ್ ಚೌಕದ ಹೊರಗಿನ ಮೇಜುಗಳಲ್ಲಿ ಕೂತು ನೋಡಿ. ವಾದ್ಯದವರು ನುಡಿಸುತ್ತಿದ್ದರೆ ಬಿಲ್ಲಿನಲ್ಲಿ ಕಾಫಿಗೆ ಬೇರೆ, ಕಿವಿಗೆ ಬೇರೆ. ನಮ್ಮ ಜೋಡಿ ಚಕ್ಕುಲಿ ಡಬ್ಬಿಯನ್ನು ಅಲ್ಲಿ ಬಿಚ್ಚದಿದ್ದರೆ ಕ್ಷೇಮ.

ರಿಯಾಲ್ಟೋ ಹತ್ತಿರ ಒಂದು ಔಷಧಿ ಅಂಗಡಿಯಿದೆ. ಅದರ ಕಿಟಕಿಯಲ್ಲಿ ಕೆಂಪು ಅಂಕಿಗಳ ಒಂದು ಫಲಕ. ಚಿನ್ನದ ರೇಟಲ್ಲ, ಹಳೇ ವೆನಿಸ್‌ನಲ್ಲಿ ಉಳಿದಿರುವ ನಿವಾಸಿಗಳ ಲೆಕ್ಕ. 1951ರಲ್ಲಿ ಸುಮಾರು 1.75 ಲಕ್ಷ ಇದ್ದವರು 2022ರಲ್ಲಿ 50,000ಕ್ಕಿಂತ ಕೆಳಗಿಳಿದರು. ಮರುವರ್ಷ ಪ್ರವಾಸಿಗರ ಹಾಸಿಗೆಗಳೇ ಊರಿನವರಿಗಿಂತ ಹೆಚ್ಚಾದವು ಅಂತ ಅಲ್ಲಿನ ನಾಗರಿಕ ಸಂಘಟನೆಗಳು ಲೆಕ್ಕ ಕೊಟ್ಟವು. ಮನೆಗಳೆಲ್ಲ ದಿನಬಾಡಿಗೆಗೆ ಹೋದ ಮೇಲೆ ಊರಿನ ಮಕ್ಕಳು ಎಲ್ಲಿ ಮಲಗಬೇಕು ಸ್ವಾಮಿ? ದಿನಬಾಡಿಗೆಗೆ ಮಿತಿ ಹಾಕುವ ಅಧಿಕಾರವನ್ನು 2022ರಲ್ಲೇ ಸಂಸತ್ತು ವೆನಿಸ್‌ಗೆ ಕೊಟ್ಟಿತ್ತು. ಅದನ್ನು ಬಳಸುವ ಆತುರ ಯಾರಿಗೂ ಇರಲಿಲ್ಲ. ಮನೆ ಮಾಲೀಕನನ್ನು ಮುಟ್ಟುವುದು ಕಷ್ಟ. ಬೆನ್ನಿಗೆ ಚೀಲ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಬಂದವನ ಜೇಬಿಗೆ ಕೈಹಾಕುವುದು ಸುಲಭ. ಎಲ್ಲ ಊರಿನಲ್ಲೂ ಇದೇ ಆಗುತ್ತದೆ, ನೋಡಿ ನೋಡಿ ಸಾಕಾಗಿದೆ.

ಹಾಗಂತ ನಗರಸಭೆಗೆ ಅತಿಥಿ ಸತ್ಕಾರ ಗೊತ್ತಿಲ್ಲ ಅನ್ನಲಾಗದು. 2025ರ ಜೂನ್ ಕೊನೆಯಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ತಮ್ಮ ಮದುವೆಗೆ ಬಂದಾಗ ಮೇಯರ್ ಲೂಯಿಜಿ ಬ್ರುನ್ಯಾರೊ ಸಂತೋಷದಿಂದಲೇ ಬರಮಾಡಿಕೊಂಡರು. ಊರಿನ ಕೆಲವರು ಮಾತ್ರ, ಕಾಲುವೆ ತುಂಬ ಗಾಳಿ ತುಂಬಿದ ಮೊಸಳೆಗಳನ್ನು ಬಿಟ್ಟು ದಾರಿ ಕಟ್ಟುತ್ತೇವೆ ಅಂತ ಹೆದರಿಸಿದರು. ಮದುವೆಯ ಔತಣವೊಂದು ಜಾಗ ಬದಲಿಸಿತು. ಪ್ಲಾಸ್ಟಿಕ್ ಮೊಸಳೆಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿರಲಾರದು. ಆ ವಾರದ ಶುಕ್ರವಾರ, ಜೂನ್ 27, ಟಿಕೆಟ್ ಇದ್ದ ದಿನವೇ. ಆದರೆ ಖಾಸಗಿ ವಿಮಾನದಲ್ಲಿ ಬಂದಿಳಿದು ಐಷಾರಾಮಿ ಹೋಟೆಲುಗಳಲ್ಲಿ ತಂಗಿದ ಅತಿಥಿಗಳು ರಾತ್ರಿ ಉಳಿದವರಲ್ಲವೇ, ನಿಯಮದ ಪ್ರಕಾರ ಅವರಿಗೆ ಐದು ಯೂರೋ ಮಾಫಿ. ಅದೇ ಬೆಳಗ್ಗೆ ಪಾಡುವಾದಿಂದ ಎರಡನೇ ದರ್ಜೆಯ ರೈಲಿನಲ್ಲಿ ನಮ್ಮವರು ಬಂದಿದ್ದರೆ ಇಬ್ಬರಿಗೂ ಸೇರಿ ಇಪ್ಪತ್ತು ಯೂರೋ. ತಡವಾಗಿ ಬುಕ್ ಮಾಡಿದ್ದಕ್ಕೆ.